1993ರ ಕಿಲ್ಲಾರಿ ಭೂಕಂಪ

ಕಿಲ್ಲಾರಿ ಭೂಕಂಪ ಅಥವಾ ಲಾತೂರ್ ಭೂಕಂಪವು 1993ರ ಸೆಪ್ಟೆಂಬರ್ 30ರಂದು ನಸುಕಿನ 3 ಗಂಟೆ 56 ನಿಮಿಷಕ್ಕೆ ಮಹಾರಾಷ್ಟ್ರದ ಲಾತೂರ್ ಮತ್ತು ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಗಳಲ್ಲಿ ಸಂಭವಿಸಿದ ಪ್ರಬಲ ಭೂಕಂಪ. ಇದರ ಆವೇಗ ಪ್ರಮಾಣ 6.2. ಲಾತೂರ್ ಜಿಲ್ಲೆಯ ಔಸಾ ತಾಲೂಕಿನ ಕಿಲ್ಲಾರಿ ಗ್ರಾಮದ ಸಮೀಪ, ಕರ್ನಾಟಕದ ಗಡಿಗೆ ಹತ್ತಿರದಲ್ಲಿ ಇದರ ಕೇಂದ್ರವಿತ್ತು. ಸರ್ಕಾರಿ ಎಣಿಕೆಯಂತೆ 7,900ಕ್ಕೂ ಹೆಚ್ಚು ಜನ ಮೃತಪಟ್ಟರು. ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆಯ ಪಟ್ಟಿಯಲ್ಲಿ ಈ ಸಂಖ್ಯೆ 9,748 ಎಂದಿದೆ. ಭೂಕಂಪದ ಭಯವೇ ಇಲ್ಲವೆಂದು ಭಾವಿಸಲಾಗಿದ್ದ ದಖ್ಖನ್ ಪ್ರಸ್ಥಭೂಮಿಯ ನಡುವೆ ಇದು ಘಟಿಸಿದ್ದರಿಂದ ಭಾರತದ ಭೂಕಂಪ ವಲಯಗಳ ನಕ್ಷೆಯನ್ನೇ ಪರಿಷ್ಕರಿಸಬೇಕಾಯಿತು. ದೇಶದ ಮೊದಲ ಬೃಹತ್ ಸಂಘಟಿತ ಪುನರ್ವಸತಿ ಯೋಜನೆಗಳಲ್ಲಿ ಒಂದಕ್ಕೂ ಇದೇ ಕಾರಣವಾಯಿತು.

ಪ್ರದೇಶದ ಹಿನ್ನೆಲೆ

ಕಿಲ್ಲಾರಿಯು ತೇರಣಾ ನದಿಯ ಕಣಿವೆಯಲ್ಲಿರುವ ಊರು. ಸುತ್ತಲೂ ಜೋಳ, ತೊಗರಿ ಮತ್ತು ಕಬ್ಬು ಬೆಳೆಯುವ ಕಪ್ಪು ಎರೆಭೂಮಿ. ಕರ್ನಾಟಕದ ಆಳಂದ ಮತ್ತು ಬಸವಕಲ್ಯಾಣ ಪಟ್ಟಣಗಳು ಇಲ್ಲಿಂದ ನೇರ ದೂರದಲ್ಲಿ ಸುಮಾರು 50 ಕಿ.ಮೀ. ಆಸುಪಾಸಿನಲ್ಲಿವೆ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಇಡೀ ಪ್ರದೇಶ ಬೀದರ ಹಾಗೂ ಗುಲಬರ್ಗಾಗಳೊಂದಿಗೆ ಹೈದರಾಬಾದ್ ರಾಜ್ಯದ ಭಾಗವಾಗಿತ್ತು. ಇಂದು ಲಾತೂರ್ ಜಿಲ್ಲೆಯಲ್ಲಿರುವ ನಿಲಂಗಾ, ಉದಗೀರ, ಅಹಮದಪುರ ತಾಲೂಕುಗಳು ಆಗ ಬೀದರ ಜಿಲ್ಲೆಗೆ ಸೇರಿದ್ದವು. ಗಡಿಯ ಎರಡೂ ಬದಿಯ ಹಳ್ಳಿಗಳ ನಡುವೆ ಭಾಷೆ, ಸಂಬಂಧ ಮತ್ತು ಸಂತೆಗಳ ಕೊಡುಕೊಳ್ಳುವಿಕೆ ಹಳೆಯದು. ಮನೆ ಕಟ್ಟುವ ಪದ್ಧತಿಯೂ ಬಹುಮಟ್ಟಿಗೆ ಒಂದೇ ಆಗಿತ್ತು. ಹಾನಿಯ ಸ್ವರೂಪವನ್ನು ಅರ್ಥಮಾಡಿಕೊಳ್ಳಲು ಈ ಅಂಶ ಮುಖ್ಯವಾಗುತ್ತದೆ.

ಭೂವೈಜ್ಞಾನಿಕ ಕಾರಣಗಳು

ಭೂಕಂಪಗಳಲ್ಲಿ ಬಹುಪಾಲು ಭೂಫಲಕಗಳ ಅಂಚಿನಲ್ಲಿ ಸಂಭವಿಸುತ್ತವೆ. ಹಿಮಾಲಯದ ಭೂಕಂಪಗಳು ಈ ಬಗೆಯವು. ಕಿಲ್ಲಾರಿ ಮಾತ್ರ ಅಂತಹ ಅಂಚಿನಿಂದ ನೂರಾರು ಕಿಲೋಮೀಟರ್ ದೂರದಲ್ಲಿ, ಸ್ಥಿರವೆಂದು ಪರಿಗಣಿಸಲಾದ ಪ್ರಾಚೀನ ಶಿಲಾಪೀಠದ ಮೇಲಿದೆ. ಭಾರತೀಯ ಫಲಕವು ವರ್ಷಕ್ಕೆ ಕೆಲವು ಸೆಂಟಿಮೀಟರ್‌ಗಳಷ್ಟು ಉತ್ತರಕ್ಕೆ ಸರಿಯುತ್ತ ಯುರೇಷಿಯಾ ಫಲಕವನ್ನು ಒತ್ತುತ್ತಿದ್ದು, ಆ ಒತ್ತಡ ಫಲಕದ ಒಳಭಾಗಕ್ಕೂ ಹರಡುತ್ತದೆ. ಒಳಭಾಗದ ಶಿಲೆಗಳಲ್ಲಿ ಹಿಂದೆಂದೋ ಉಂಟಾದ ದುರ್ಬಲ ಸ್ತರಭಂಗಗಳಿದ್ದರೆ ಸಹಸ್ರಾರು ವರ್ಷ ಸಂಗ್ರಹವಾದ ಒತ್ತಡ ಅಲ್ಲಿ ಒಮ್ಮೆಗೆ ಬಿಡುಗಡೆಯಾಗಬಲ್ಲದು. ಇವನ್ನು ಫಲಕಾಂತರ್ಗತ ಭೂಕಂಪಗಳೆನ್ನುತ್ತಾರೆ. ಎರಡು ಘಟನೆಗಳ ನಡುವಿನ ಅಂತರ ಬಹಳ ದೀರ್ಘವಾಗಿರುವುದರಿಂದ ಸ್ಥಳೀಯರ ನೆನಪಿನಲ್ಲಿ ಹಿಂದಿನದರ ಸುಳಿವೂ ಉಳಿದಿರುವುದಿಲ್ಲ.

ಕಿಲ್ಲಾರಿಯಲ್ಲಿ ಆ ಸ್ತರಭಂಗವು ಕಣ್ಣಿಗೆ ಕಾಣದಂತೆ ದಖ್ಖನ್ ಟ್ರ್ಯಾಪ್ ಎಂಬ ಕಪ್ಪುಶಿಲೆಯ ಹಾಸಿನ ಅಡಿಯಲ್ಲಿ ಮುಚ್ಚಿಹೋಗಿತ್ತು. ಭೂಕಂಪದ ನಂತರ ಇಲ್ಲಿ ಕೊರೆದ 617 ಮೀಟರ್ ಆಳದ ಸಂಶೋಧನಾ ಕೊಳವೆಯಿಂದ ಲಾವಾ ಶಿಲೆಯ ದಪ್ಪ ಸುಮಾರು 338 ಮೀಟರ್ ಎಂದೂ, ಅದರ ಕೆಳಗೆ ತೆಳುವಾದ ಮಡ್ಡಿಶಿಲೆಯ ಪದರವಿದ್ದು ಆನಂತರ ಪ್ರಾಚೀನ ಸ್ಫಟಿಕ ಶಿಲೆ ಆರಂಭವಾಗುತ್ತದೆಂದೂ ತಿಳಿದುಬಂತು. ಕಂಪನದ ಮೂಲ ಬಹಳ ಆಳದಲ್ಲಿರಲಿಲ್ಲ. ಶಿಲೆಯ ಒಂದು ಬದಿಯು ಇನ್ನೊಂದರ ಮೇಲೆ ಏರುವ ಬಗೆಯ ಈ ಚಲನೆಯಿಂದ ಕಿಲ್ಲಾರಿಯ ಹೊಲಗಳಲ್ಲಿ ಸುಮಾರು ಒಂದು ಕಿಲೋಮೀಟರ್ ಉದ್ದಕ್ಕೆ ನೆಲ ಬಿರಿದು ಉಬ್ಬಿದ್ದು ಕಾಣಿಸಿಕೊಂಡಿತು. ಮೂಲ ಆಳವಿಲ್ಲದಿದ್ದಾಗ ಹಾನಿಯ ಪ್ರದೇಶ ಕಿರಿದಾಗಿದ್ದು, ಅದರೊಳಗಿನ ತೀವ್ರತೆ ಮಾತ್ರ ಭೀಕರವಾಗಿರುತ್ತದೆ. ಇಲ್ಲಿಯೂ ಅದೇ ಆಯಿತು: ಸಾವುಗಳ ಬಹುಭಾಗ ಕೆಲವೇ ಹತ್ತು ಹಳ್ಳಿಗಳಲ್ಲಿ ಸಂಭವಿಸಿತು.

ಸಮೀಪದ ಮಾಕಣಿಯಲ್ಲಿರುವ ಕೆಳ ತೇರಣಾ ಜಲಾಶಯದ ನೀರಿನ ಭಾರವೇ ಕಂಪನಕ್ಕೆ ಪ್ರಚೋದನೆಯಾಯಿತೆಂಬ ವಾದವನ್ನೂ ಕೆಲವರು ಮುಂದಿಟ್ಟರು. 1967ರ ಡಿಸೆಂಬರ್ 11ರ ಕೊಯ್ನಾ ಭೂಕಂಪದ ವಿಷಯದಲ್ಲಿ ಜಲಾಶಯದ ಪಾತ್ರವನ್ನು ವಿಜ್ಞಾನಿಗಳು ಬಹುವಾಗಿ ಒಪ್ಪಿದ್ದಾರೆ. ಕಿಲ್ಲಾರಿಯ ವಿಷಯದಲ್ಲಿ ಅಂತಹ ಒಮ್ಮತವಿಲ್ಲ. ತೇರಣಾ ಜಲಾಶಯ ಕೊಯ್ನಾಕ್ಕೆ ಹೋಲಿಸಿದರೆ ತೀರ ಚಿಕ್ಕದು. ಇನ್ನೊಂದೆಡೆ ಸಿ. ಪಿ. ರಾಜೇಂದ್ರನ್ ಮತ್ತು ಕುಸಲಾ ರಾಜೇಂದ್ರನ್ ಅವರು ಇದೇ ನದಿಯ ದಂಡೆಯ ತೇರ್ ಎಂಬಲ್ಲಿ ಬಹು ಹಿಂದೆ ನಡೆದ ಭೂಕಂಪವೊಂದರ ಕುರುಹುಗಳನ್ನು ಗುರುತಿಸಿದ್ದಾರೆ. ತೇರ್ ಎಂದರೆ ಪ್ರಾಚೀನ ತಗರಪುರ. ಶಿಲಾಹಾರ ಅರಸರು ತಮ್ಮ ಬಿರುದಿನಲ್ಲಿ ಹೇಳಿಕೊಳ್ಳುತ್ತಿದ್ದುದು ಇದೇ ಊರನ್ನು. ಆ ಕುರುಹುಗಳ ವ್ಯಾಖ್ಯಾನ ಸರಿಯಾದರೆ ಈ ನೆಲ 1993ಕ್ಕೆ ಮೊದಲೂ ನಡುಗಿದೆ ಎಂದಾಗುತ್ತದೆ.

ಪೂರ್ವಕಂಪನಗಳು

1992ರ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಕಿಲ್ಲಾರಿಯಲ್ಲಿ ಸಣ್ಣ ಕಂಪನಗಳ ಸರಣಿಯೇ ನಡೆದಿತ್ತು. ಅವುಗಳಲ್ಲಿ ದೊಡ್ಡದು ಅಕ್ಟೋಬರ್ 18ರದು. ಅದರ ಪ್ರಮಾಣ 4ನ್ನು ಮೀರಿತ್ತು. ಕೆಲವು ಮನೆಗಳು ಬಿರುಕುಬಿಟ್ಟವು, ಜನ ಆತಂಕಗೊಂಡರು. ಆನಂತರ ಸರಣಿ ತಗ್ಗಿತು. ಸಣ್ಣ ಕಂಪನಗಳ ಸರಣಿ ಯಾವಾಗ ದೊಡ್ಡದರ ಮುನ್ಸೂಚನೆ, ಯಾವಾಗ ತಾನಾಗಿಯೇ ಅಡಗುವಂಥದ್ದು ಎಂದು ಹೇಳುವ ವಿಧಾನ ಅಂದೂ ಇರಲಿಲ್ಲ, ಇಂದೂ ಇಲ್ಲ. ಪರ್ಯಾಯ ದ್ವೀಪದಲ್ಲಿ ಇಂತಹ ಸರಣಿಗಳು ಬಹುತೇಕ ಯಾವ ಅನಾಹುತವೂ ಇಲ್ಲದೆ ಮುಗಿಯುತ್ತವೆ. ಆದ್ದರಿಂದ ಅವನ್ನು ‘ಪೂರ್ವಕಂಪನ’ ಎಂದು ಕರೆಯಲು ಸಾಧ್ಯವಾದದ್ದು ಮುಖ್ಯ ಕಂಪನ ಆದ ಮೇಲಷ್ಟೇ.

ಮುಖ್ಯ ಕಂಪನ ಮತ್ತು ಹಾನಿ

ಸೆಪ್ಟೆಂಬರ್ 29 ಅನಂತ ಚತುರ್ದಶಿ. ಗಣೇಶನ ವಿಸರ್ಜನೆಯ ಮೆರವಣಿಗೆ ಮುಗಿಸಿ ಊರುಗಳು ತಡರಾತ್ರಿ ಮಲಗಿದ್ದವು. ಕಂಪನ ಸಂಭವಿಸಿದಾಗ ಬಹುತೇಕ ಎಲ್ಲರೂ ಮನೆಯೊಳಗೆ ಗಾಢ ನಿದ್ರೆಯಲ್ಲಿದ್ದರು. ಕಿಲ್ಲಾರಿ, ಸಾಸ್ತೂರ, ಹೋಳಿ, ಮಂಗರೂಳ, ತಳಣಿ, ಪೇಠ ಸಾಂಗವಿ ಮೊದಲಾದ ಗ್ರಾಮಗಳು ಕ್ಷಣಾರ್ಧದಲ್ಲಿ ಕಲ್ಲಿನ ರಾಶಿಗಳಾದವು.

ಜನರನ್ನು ಕೊಂದದ್ದು ಕಂಪನಕ್ಕಿಂತ ಹೆಚ್ಚಾಗಿ ಮನೆಗಳು. ಈ ಭಾಗದ ಸಾಂಪ್ರದಾಯಿಕ ಮನೆಯ ಗೋಡೆ ಎರಡು ಅಡಿಯಿಂದ ಮೂರು ಅಡಿಗೂ ಮೀರಿ ದಪ್ಪವಿರುತ್ತಿತ್ತು. ಆದರೆ ಅದು ಇಡಿಯಾದ ಗೋಡೆಯಲ್ಲ: ಒಳಗೊಂದು ಹೊರಗೊಂದು ಕಲ್ಲಿನ ಪದರ ಕಟ್ಟಿ, ನಡುವೆ ಚೂರುಕಲ್ಲು ಮತ್ತು ಮಣ್ಣು ತುಂಬಲಾಗುತ್ತಿತ್ತು. ಗಾರೆಯಾಗಿ ಬಳಸುತ್ತಿದ್ದುದು ಕೆಸರನ್ನು. ಎರಡೂ ಪದರಗಳನ್ನು ಹೊಲಿದಂತೆ ಹಿಡಿದಿಡುವ ಅಡ್ಡಗಲ್ಲುಗಳನ್ನು ಇಡುವುದು ಅಪರೂಪವಾಗಿತ್ತು. ಇದರ ಮೇಲೆ ತೊಲೆ, ಜಂತೆ, ಹಲಗೆ ಹಾಸಿ ಅಡಿಗಟ್ಟಲೆ ಮಣ್ಣು ಹೇರಿದ ಮಾಳಿಗೆ. ಬಿಸಿಲ ನಾಡಿನಲ್ಲಿ ಈ ಮಣ್ಣು ಮನೆಯನ್ನು ತಂಪಾಗಿರಿಸುತ್ತದೆ; ಮಳೆಗೆ ಸೋರದಂತೆ ವರ್ಷ ವರ್ಷವೂ ಹೊಸ ಮಣ್ಣು ಹಾಕುವುದು ವಾಡಿಕೆಯಾದ್ದರಿಂದ ತಲೆಮಾರುಗಳು ಕಳೆದಂತೆ ಮಾಳಿಗೆಯ ಭಾರ ಬೆಳೆಯುತ್ತ ಹೋಗುತ್ತದೆ. ನೆಲ ಅಡ್ಡಡ್ಡವಾಗಿ ಅಲುಗಿದಾಗ ಗೋಡೆಯ ಪದರಗಳು ಬೇರ್ಪಟ್ಟು ಹೊರಕ್ಕೂ ಒಳಕ್ಕೂ ಕುಸಿದವು, ಅವುಗಳ ಮೇಲೆ ಮಣ್ಣಿನ ಮಾಳಿಗೆ ಬಿತ್ತು. ಸಿಕ್ಕಿಕೊಂಡವರಿಗೆ ಉಸಿರಾಡಲು ಸಂದು ಕೂಡ ಉಳಿಯಲಿಲ್ಲ. ಕಾಂಕ್ರೀಟ್ ಕಟ್ಟಡ ಕುಸಿದಾಗ ಚಪ್ಪಡಿಗಳ ನಡುವೆ ಟೊಳ್ಳುಗಳು ಉಳಿದು ದಿನಗಳ ನಂತರವೂ ಜನ ಬದುಕಿ ಸಿಗುವುದುಂಟು. ಮಣ್ಣು ಹಾಗೆ ಬಿಡುವುದಿಲ್ಲ.

ಇದೇ ಹಳ್ಳಿಗಳಲ್ಲಿ ಮಾಳಿಗೆಯ ಭಾರವನ್ನು ಗೋಡೆಗೆ ಬಿಡದೆ ಮರದ ಕಂಬಗಳ ಮೇಲೆ ಹೊರಿಸಿದ್ದ ಮನೆಗಳೂ ಇದ್ದವು. ಅವುಗಳ ಗೋಡೆ ಬಿದ್ದರೂ ಕಂಬ ಮತ್ತು ಮಾಳಿಗೆ ನಿಂತ ಉದಾಹರಣೆಗಳನ್ನು ಸಮೀಕ್ಷೆ ನಡೆಸಿದ ಎಂಜಿನಿಯರುಗಳು ದಾಖಲಿಸಿದರು. ಹುಲ್ಲು ಗುಡಿಸಲುಗಳಲ್ಲಿದ್ದ ಬಡವರು ಬಹುಪಾಲು ಬದುಕಿದರು. ಸಿರಿವಂತಿಕೆಯ ಗುರುತಾಗಿದ್ದ ದಪ್ಪ ಕಲ್ಲುಗೋಡೆಯೇ ಹೆಚ್ಚು ಅಪಾಯಕಾರಿಯಾಗಿ ಪರಿಣಮಿಸಿತ್ತು.

ಸುಮಾರು 30,000 ಮನೆಗಳು ನೆಲಸಮವಾದವು. ಮಹಾರಾಷ್ಟ್ರದ 13 ಜಿಲ್ಲೆಗಳಲ್ಲಿ ಸುಮಾರು ಎರಡು ಲಕ್ಷ ಮನೆಗಳಿಗೆ ಬೇರೆ ಬೇರೆ ಪ್ರಮಾಣದ ಹಾನಿಯಾಯಿತು. ಬಲದಲ್ಲಿ ಕಿಲ್ಲಾರಿಯನ್ನು ಜಗತ್ತಿನ ಅತಿದೊಡ್ಡ ಭೂಕಂಪಗಳ ಸಾಲಿಗೆ ಸೇರಿಸುವಂತಿಲ್ಲ. 2001ರ ಗುಜರಾತಿನ ಭುಜ್ ಭೂಕಂಪದಲ್ಲಿ (ಪ್ರಮಾಣ 7.7) ಬಿಡುಗಡೆಯಾದ ಶಕ್ತಿ ಇದರ ನೂರಾರು ಪಟ್ಟಿನ ಹತ್ತಿರವಿತ್ತು. 6.2ರ ಪ್ರಮಾಣಕ್ಕೆ ಇಷ್ಟು ಸಾವು ಸಂಭವಿಸಿದ್ದು ಸಮಯ, ಆಳ ಮತ್ತು ಮನೆಯ ರಚನೆ ಮೂರೂ ಒಟ್ಟುಗೂಡಿದ್ದರಿಂದ.

ಮರುಕಂಪನಗಳು

ಮುಖ್ಯ ಕಂಪನದ ಬೆನ್ನಿಗೇ ಮರುಕಂಪನಗಳು ಆರಂಭವಾಗಿ ತಿಂಗಳುಗಟ್ಟಲೆ ಮುಂದುವರಿದವು. ಒಂದು ಸ್ತರಭಂಗ ಜಾರಿದಾಗ ಅದರ ಮೇಲಿನ ಒತ್ತಡ ಒಂದೆಡೆ ಇಳಿದು ಅಂಚುಗಳಲ್ಲಿ ಹೆಚ್ಚುತ್ತದೆ. ಆ ಅಂಚುಗಳು ಹೊಸ ಸ್ಥಿತಿಗೆ ಹೊಂದಿಕೊಳ್ಳುವಾಗ ಉಂಟಾಗುವುದೇ ಮರುಕಂಪನ. ಇವುಗಳ ಸಂಖ್ಯೆ ಕಾಲಕ್ಕೆ ವಿಲೋಮವಾಗಿ ಇಳಿಯುತ್ತದೆಂಬುದನ್ನು ಜಪಾನಿನ ಫುಸಾಕಿಚಿ ಒಮೊರಿ 1894ರಲ್ಲಿಯೇ ತೋರಿಸಿದ್ದರು. ಸ್ಥೂಲವಾಗಿ ಹೇಳುವುದಾದರೆ, ಮೊದಲ ದಿನ ನೂರು ಕಂಪನಗಳಾದರೆ ಹತ್ತನೆಯ ದಿನ ಹತ್ತು, ನೂರನೆಯ ದಿನ ಒಂದು. ಸಂಖ್ಯೆ ಬೇಗ ಇಳಿದರೂ ಬಾಲ ಬಹಳ ಉದ್ದವಾಗಿರುತ್ತದೆ. ಜೊತೆಗೆ, ಇಳಿಯುವುದು ಸಂಖ್ಯೆಯೇ ಹೊರತು ಪ್ರತಿಯೊಂದು ಕಂಪನದ ಬಲವಲ್ಲ. ವಾರಗಳ ನಂತರವೂ ಒಂದು ದೊಡ್ಡ ಮರುಕಂಪನ ಬರಬಹುದು.

ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯು ಪೀಡಿತ ಪ್ರದೇಶದಲ್ಲಿ ತಾತ್ಕಾಲಿಕ ಕಂಪನಮಾಪಕಗಳನ್ನು ಸ್ಥಾಪಿಸಿತು. ಜರ್ಮನಿಯ ಪಾಟ್ಸ್‌ಡ್ಯಾಮ್‌ನಿಂದ ಬಂದ ವಿಜ್ಞಾನಿಗಳ ತಂಡವೂ ಮರುಕಂಪನಗಳನ್ನು ಅಳೆಯಿತು. ಹಿಂದೆ ಹತ್ತಿರದಲ್ಲಿ ಸಾಕಷ್ಟು ಮಾಪಕಗಳಿರಲಿಲ್ಲವಾದ್ದರಿಂದ ಮುಖ್ಯ ಕಂಪನದ ಸ್ಥಾನ ಮತ್ತು ಆಳವನ್ನು ನಿಖರವಾಗಿ ತಿಳಿಯಲು ಈ ಮರುಕಂಪನಗಳ ದಾಖಲೆಯೇ ಆಧಾರವಾಯಿತು.

ಬದುಕುಳಿದವರ ಪಾಲಿಗೆ ಮರುಕಂಪನಗಳ ಪರಿಣಾಮ ಬೇರೆಯೇ. ಅರೆಬಿದ್ದ ಗೋಡೆಗಳು ಪೂರ್ತಿ ಬಿದ್ದವು, ನಿಂತ ಮನೆಗಳ ಒಳಗೆ ಮಲಗಲು ಜನ ಹೆದರಿದರು. ಕಲ್ಲಿನ ಮನೆಯ ಮೇಲಿನ ನಂಬಿಕೆಯೇ ಅಳಿಯಿತು. ತಮ್ಮ ಕಲ್ಲು, ತಮ್ಮ ಮರಗಳಿಂದಲೇ ಸುರಕ್ಷಿತ ಮನೆ ಕಟ್ಟಿಕೊಳ್ಳಬಹುದೆಂಬ ಸಲಹೆಯನ್ನು ಮುಂದೆ ಎಂಜಿನಿಯರುಗಳು ಕೊಟ್ಟಾಗ ಅನೇಕರು ಕೇಳಲು ಸಿದ್ಧರಿರಲಿಲ್ಲ.

ರಕ್ಷಣೆ ಮತ್ತು ಪರಿಹಾರ

ಮೊದಲ ಗಂಟೆಗಳಲ್ಲಿ ಕೈಗೆ ಸಿಕ್ಕ ಸಲಕರಣೆಗಳಿಂದ ಮಣ್ಣು ಸರಿಸಿದವರು ಅಕ್ಕಪಕ್ಕದ ಹಳ್ಳಿಯವರು. ಬೆಳಗಾದ ಮೇಲೆ ಆಡಳಿತ, ಪೊಲೀಸರು ಮತ್ತು ಸೈನ್ಯ ಬಂದವು. ಮಳೆ ಹಿಡಿದುಕೊಂಡಿದ್ದರಿಂದ ಎರೆಮಣ್ಣಿನ ದಾರಿಗಳಲ್ಲಿ ವಾಹನಗಳು ಹೂತವು, ಬಿದ್ದ ಮಾಳಿಗೆಯ ಮಣ್ಣು ಕೆಸರಾಗಿ ಅಗೆತ ಇನ್ನೂ ಕಠಿಣವಾಯಿತು. ಸಾಮೂಹಿಕ ಅಂತ್ಯಕ್ರಿಯೆಗಳಿಗೆ ಕಟ್ಟಿಗೆ ಸಾಲದೆ ಬಿದ್ದ ಮನೆಗಳ ತೊಲೆ ಬಾಗಿಲುಗಳನ್ನೇ ಚಿತೆಗೆ ಬಳಸಬೇಕಾಯಿತು.

ಆಗ ಮಹಾರಾಷ್ಟ್ರದ ಮುಖ್ಯಮಂತ್ರಿಯಾಗಿದ್ದವರು ಶರದ್ ಪವಾರ್. ದೇಶದೊಳಗಿನಿಂದಲೂ ಹೊರಗಿನಿಂದಲೂ ನೆರವು ಹರಿದುಬಂತು. ಮನೆ ಕಳೆದುಕೊಂಡವರಿಗೆ ತಗಡಿನ ಶೆಡ್ಡುಗಳನ್ನು ಕಟ್ಟಿಕೊಡಲಾಯಿತು. ಕೆಲವು ತಿಂಗಳಿಗೆಂದು ನಿರ್ಮಿಸಿದ ಈ ಶೆಡ್ಡುಗಳಲ್ಲಿ ಅನೇಕ ಕುಟುಂಬಗಳು ಮರಾಠವಾಡದ ಹಲವು ಬೇಸಗೆಗಳನ್ನು ಕಳೆದವು. ತಂದೆತಾಯಿಯರನ್ನು ಕಳೆದುಕೊಂಡ ಹಾಗೂ ಆಸರೆ ತಪ್ಪಿದ ಸುಮಾರು 1,200 ಮಕ್ಕಳನ್ನು ಭಾರತೀಯ ಜೈನ ಸಂಘಟನೆಯು ಪುಣೆಗೆ ಕರೆದೊಯ್ದು ಅವರ ವಸತಿ ಮತ್ತು ಶಿಕ್ಷಣದ ಹೊಣೆ ಹೊತ್ತಿತು.

ಪುನರ್ವಸತಿ

ವಿಶ್ವಬ್ಯಾಂಕ್ 1994ರಲ್ಲಿ 24.6 ಕೋಟಿ ಡಾಲರುಗಳ ಸಾಲ ಮಂಜೂರು ಮಾಡಿತು. ಅದರ ನೆರವಿನಿಂದ ಮಹಾರಾಷ್ಟ್ರ ಸರ್ಕಾರ ‘ಮಹಾರಾಷ್ಟ್ರ ತುರ್ತು ಭೂಕಂಪ ಪುನರ್ವಸತಿ ಯೋಜನೆ’ಯನ್ನು 1998ರ ಕೊನೆಯವರೆಗೆ ನಡೆಸಿತು. ಹಾನಿಯ ಪ್ರಮಾಣವನ್ನು ಆಧರಿಸಿ ಹಳ್ಳಿಗಳನ್ನು ಮೂರು ವರ್ಗಗಳಾಗಿ ವಿಂಗಡಿಸಲಾಯಿತು: ಸಂಪೂರ್ಣ ನಾಶವಾದ 52 ಗ್ರಾಮಗಳನ್ನು ಬೇರೆ ಸ್ಥಳಕ್ಕೆ ಸ್ಥಳಾಂತರಿಸುವುದು, 22 ಗ್ರಾಮಗಳಲ್ಲಿ ಇದ್ದಲ್ಲಿಯೇ ಮರುನಿರ್ಮಾಣ ಮಾಡುವುದು, ಉಳಿದ ಸುಮಾರು 2,500 ಗ್ರಾಮಗಳಲ್ಲಿ ಮನೆಗಳ ದುರಸ್ತಿ ಮತ್ತು ಬಲವರ್ಧನೆ.

ಸ್ಥಳಾಂತರಗೊಂಡ ಗ್ರಾಮಗಳ ಬಗ್ಗೆ ಅತಿ ಹೆಚ್ಚು ಚರ್ಚೆ ನಡೆದಿದೆ. ಇಲ್ಲಿ ಮನೆಗಳನ್ನು ಸರ್ಕಾರಿ ಗುತ್ತಿಗೆದಾರರು ಮತ್ತು ದಾನಿ ಸಂಸ್ಥೆಗಳು ಕಟ್ಟಿದವು. ಮಲಯಾಳ ಮನೋರಮಾ ಪತ್ರಿಕೆ ನಿರ್ಮಿಸಿಕೊಟ್ಟ ಬಾನೇಗಾಂವ್ ಗ್ರಾಮಕ್ಕೆ ವಾಸ್ತುಶಿಲ್ಪಿ ಲಾರಿ ಬೇಕರ್ ವಿನ್ಯಾಸ ನೀಡಿದ್ದರು. ಗುಬಾಳದಲ್ಲಿ ಗುಮ್ಮಟದಾಕಾರದ ಮನೆಗಳು ಎದ್ದವು. ಕುಟುಂಬದ ಭೂಹಿಡುವಳಿಗೆ ತಕ್ಕಂತೆ 250, 400 ಅಥವಾ 750 ಚದರಡಿಯ ಮನೆ ಎಂಬುದು ಸರ್ಕಾರದ ಸೂತ್ರ. ಭೂಮಿ ಇಲ್ಲದವನಿಗೆ ಚಿಕ್ಕ ಮನೆ, ಹೆಚ್ಚು ಭೂಮಿ ಉಳ್ಳವನಿಗೆ ದೊಡ್ಡದು. ಕಳೆದುಕೊಂಡದ್ದನ್ನು ಮರಳಿಸುವುದೇ ಪರಿಹಾರವೆಂದಾದರೆ ಈ ಸೂತ್ರಕ್ಕೆ ತರ್ಕವಿದೆ, ಆದರೆ ಕುಟುಂಬದ ಜನಸಂಖ್ಯೆಯನ್ನು ಇದು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ಮತ್ತು ಹಳ್ಳಿಯ ಅಸಮಾನತೆಯನ್ನು ಹೊಸ ನಕ್ಷೆಯಲ್ಲಿ ಅಳತೆ ಹಿಡಿದು ಮತ್ತೆ ಬರೆದಂತಾಯಿತು.

ಹೊಸ ಊರುಗಳು ನೇರ ರಸ್ತೆಗಳ, ಚೌಕುಳಿ ನಕ್ಷೆಯ ಬಡಾವಣೆಗಳಾಗಿದ್ದವು. ಶಾಲೆ, ಪಂಚಾಯತಿ ಕಟ್ಟಡ, ಅಗಲವಾದ ರಸ್ತೆಗಳು ದೊರೆತವು. ಹಳೆಯ ಊರಿನ ಇಕ್ಕಟ್ಟಾದ ಓಣಿ, ಎತ್ತರದ ಗೋಡೆಯೊಳಗಿನ ಅಂಗಳ, ದನ ಕಟ್ಟುವ ಹಾಗೂ ಕಾಳು ಕಾಪಿಡುವ ಜಾಗಗಳು ಮಾತ್ರ ಅವುಗಳಲ್ಲಿರಲಿಲ್ಲ. ಅಣ್ಣತಮ್ಮಂದಿರ ಮನೆಗಳು ದೂರದೂರವಾದವು. ಹೊಲಕ್ಕೆ ನಡೆಯುವ ದಾರಿ ಹಲವರಿಗೆ ಉದ್ದವಾಯಿತು. ವರ್ಷಗಳು ಕಳೆದಂತೆ ನಿವಾಸಿಗಳು ಕಾಂಕ್ರೀಟ್ ಮನೆಯ ಮುಂದೆ ಅಂಗಳಕ್ಕೆ ಗೋಡೆ, ಪಕ್ಕಕ್ಕೆ ಕೊಟ್ಟಿಗೆ, ಹಿಂದೆ ಅಡುಗೆಯ ಕೋಣೆ ಸೇರಿಸಿಕೊಂಡು ಬಡಾವಣೆಯನ್ನು ಹಳ್ಳಿಯಾಗಿ ಮಾಡಿಕೊಂಡದ್ದನ್ನು ಅಧ್ಯಯನಗಳು ತೋರಿಸಿವೆ. ಕೆಲವರು ಹಳೆಯ ಊರಿಗೇ ಮರಳಿದರು.

ದುರಸ್ತಿ ಯೋಜನೆಯು ಇದಕ್ಕಿಂತ ಭಿನ್ನ ದಾರಿ ಹಿಡಿಯಿತು. ಇಲ್ಲಿ ಹಣ ಮತ್ತು ಸಾಮಗ್ರಿ ಕಂತುಕಂತಾಗಿ ನೇರ ಮನೆಯವರಿಗೆ ಸಲ್ಲುತ್ತಿತ್ತು. ಕೆಲಸ ಮಾಡಿಸುವ ಹೊಣೆ ಅವರದೇ. ಆರಂಭದಲ್ಲಿ ಯೋಜನೆ ಕುಂಟಿತು. ಜನರಿಗೆ ನಿಯಮಗಳ ತಿಳಿವಳಿಕೆ ಇರಲಿಲ್ಲ, ಎಂಜಿನಿಯರುಗಳಿಗೆ ಪ್ರತಿ ಮನೆಗೂ ಹೋಗಲು ಆಗುತ್ತಿರಲಿಲ್ಲ. ಆಗ ಸ್ವಯಂ ಶಿಕ್ಷಣ ಪ್ರಯೋಗ ಎಂಬ ಸಂಸ್ಥೆಯ ಮೂಲಕ ಗ್ರಾಮಗಳ ಮಹಿಳಾ ಮಂಡಳಗಳಿಂದ ‘ಸಂವಾದ ಸಹಾಯಕ’ರನ್ನು ನೇಮಿಸಲಾಯಿತು. ಈ ಮಹಿಳೆಯರು ಮನೆಮನೆಗೆ ಹೋಗಿ ನಿಯಮ ವಿವರಿಸಿದರು, ಸಿಮೆಂಟಿನ ಅಳತೆ ನೋಡಿದರು, ಗವಂಡಿಗಳ ಕೆಲಸ ಪರಿಶೀಲಿಸಿದರು. 2001ರ ಭೂಕಂಪದ ನಂತರ ಇವರಲ್ಲಿ ಕೆಲವರು ಗುಜರಾತಿಗೆ ಹೋಗಿ ಅಲ್ಲಿನ ಮಹಿಳೆಯರಿಗೆ ಅನುಭವ ಹಂಚಿಕೊಂಡರು. ಗುಜರಾತ್ ಸರ್ಕಾರ ಬಹುತೇಕ ಗ್ರಾಮಗಳನ್ನು ಸ್ಥಳಾಂತರಿಸದೆ, ಮನೆಯವರ ಕೈಯಿಂದಲೇ ಕಟ್ಟಿಸುವ ಮಾರ್ಗ ಆರಿಸಿಕೊಂಡದ್ದರ ಹಿಂದೆ ಲಾತೂರಿನ ಪಾಠವಿತ್ತು.

ಬಲವರ್ಧನೆಯ ತಂತ್ರಗಳು ದುಬಾರಿಯಾಗಿರಲಿಲ್ಲ. ಮಾಳಿಗೆಯ ಹೆಚ್ಚುವರಿ ಮಣ್ಣು ಇಳಿಸಿ ಭಾರ ತಗ್ಗಿಸುವುದು. ಗೋಡೆಯಲ್ಲಿ ಅಲ್ಲಲ್ಲಿ ರಂಧ್ರ ತೆಗೆದು ಕಬ್ಬಿಣದ ಸರಳು ಮತ್ತು ಕಾಂಕ್ರೀಟ್ ತುಂಬಿ ಎರಡೂ ಪದರಗಳನ್ನು ಬೆಸೆಯುವುದು. ಬಾಗಿಲು ಕಿಟಕಿಗಳ ಮೇಲ್ಮಟ್ಟದಲ್ಲಿ ಮನೆಯ ಸುತ್ತ ನಡುಪಟ್ಟಿಯಂತೆ ಕಾಂಕ್ರೀಟ್ ಪಟ್ಟಿ ಕಟ್ಟುವುದು. ಈ ಪಟ್ಟಿಯಿದ್ದರೆ ನಾಲ್ಕು ಗೋಡೆಗಳೂ ಒಂದು ಪೆಟ್ಟಿಗೆಯಂತೆ ಒಟ್ಟಿಗೆ ಅಲುಗುತ್ತವೆ, ಮೂಲೆಗಳಲ್ಲಿ ಬಿಟ್ಟುಕೊಳ್ಳುವುದಿಲ್ಲ. ಇಂತಹ ಕಟ್ಟಡಗಳಿಗೆ ಸಂಬಂಧಿಸಿದ ಭಾರತೀಯ ಮಾನಕ 13828 ಪ್ರಕಟವಾದದ್ದೂ 1993ರಲ್ಲಿಯೇ.

ವಲಯ ನಕ್ಷೆಯ ಪರಿಷ್ಕರಣೆ ಮತ್ತು ಕರ್ನಾಟಕ

ಭೂಕಂಪದ ಸಮಯದಲ್ಲಿ ಜಾರಿಯಲ್ಲಿದ್ದ ನಕ್ಷೆಯಲ್ಲಿ ಕಿಲ್ಲಾರಿಯು ಅತಿ ಕಡಿಮೆ ಅಪಾಯದ ಒಂದನೆಯ ವಲಯದಲ್ಲಿತ್ತು. 2002ರಲ್ಲಿ ಪರಿಷ್ಕರಿಸಿದ ಭಾರತೀಯ ಮಾನಕ 1893 ಒಂದನೆಯ ವಲಯವನ್ನೇ ರದ್ದುಪಡಿಸಿ ಎರಡನೆಯದರಲ್ಲಿ ವಿಲೀನಗೊಳಿಸಿತು, ಕಿಲ್ಲಾರಿ ಪ್ರದೇಶವನ್ನು ಮೂರನೆಯ ವಲಯಕ್ಕೆ ಏರಿಸಿತು. ಹೀಗಾಗಿ ಭೂಕಂಪದ ಸಾಧ್ಯತೆಯೇ ಇಲ್ಲವೆಂಬ ಅರ್ಥ ಕೊಡುವ ಪ್ರದೇಶ ಆ ನಕ್ಷೆಯಲ್ಲಿ ಉಳಿಯಲಿಲ್ಲ.

ಆ ನಕ್ಷೆಯಂತೆ ಕರ್ನಾಟಕದ ಬಹುಭಾಗ ಎರಡನೆಯ ವಲಯದಲ್ಲಿದೆ. ಮೂರನೆಯ ವಲಯದಲ್ಲಿರುವುದು ರಾಜ್ಯದ ಉತ್ತರ ಗಡಿಯ ಭಾಗಗಳು ಮತ್ತು ಕರಾವಳಿ. ಕಿಲ್ಲಾರಿಯಿಂದ ನೇರ ದೂರದಲ್ಲಿ ಸುಮಾರು 500 ಕಿ.ಮೀ. ಇರುವ ಭಟ್ಕಳ, ಹಾಗೆಯೇ ಹೊನ್ನಾವರ ಮತ್ತು ಕುಮಟಾ ಕೂಡ ಇದೇ ವಲಯಕ್ಕೆ ಸೇರುತ್ತವೆಂಬುದು ಕರಾವಳಿಯಲ್ಲಿ ಹೆಚ್ಚು ಜನರಿಗೆ ತಿಳಿದಿರುವ ಸಂಗತಿಯಲ್ಲ. ಅಲ್ಲಿ ನೆಲದ ಅಪಾಯವೆಂದರೆ ಮಳೆಗಾಲದ ಗುಡ್ಡಕುಸಿತ. 2022ರ ಆಗಸ್ಟ್‌ನಲ್ಲಿ ಭಟ್ಕಳದ ಮುಟ್ಟಳ್ಳಿಯಲ್ಲಿ, 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಜೀವಹಾನಿಯಾದದ್ದು ಅದರಿಂದ. ಕರಾವಳಿಯ ಸಾಂಪ್ರದಾಯಿಕ ಮನೆಯ ಹಂಚಿನ ಮಾಡು ಮಣ್ಣಿನ ಮಾಳಿಗೆಗಿಂತ ಎಷ್ಟೋ ಹಗುರ, ಅಷ್ಟರಮಟ್ಟಿಗೆ ಅನುಕೂಲ. ಆದರೆ ಚಿರೆಕಲ್ಲಿನ ಗೋಡೆಗೂ ಮೇಲ್ಮಟ್ಟದ ಪಟ್ಟಿ ಬೇಕು, ಮೂಲೆಗಳ ಬೆಸುಗೆ ಬೇಕು. ಬಹುಮಹಡಿ ಕಟ್ಟಡಗಳಿಗೆ ಮೂರನೆಯ ವಲಯದ ಲೆಕ್ಕಾಚಾರ ಅನ್ವಯಿಸುತ್ತದೆ. ವಿನ್ಯಾಸದಲ್ಲಿ ಹಿಡಿಯಬೇಕಾದ ವಲಯ ಗುಣಾಂಕ ಎರಡನೆಯ ವಲಯಕ್ಕೆ 0.10 ಇದ್ದರೆ ಇಲ್ಲಿ 0.16.

ಕಲಬುರಗಿ ಮತ್ತು ಬೀದರ ಜಿಲ್ಲೆಗಳ ಹಳ್ಳಿಗಳಲ್ಲಿ ಕಲ್ಲುಮಣ್ಣಿನ ಮಾಳಿಗೆ ಮನೆಗಳು ಈಗಲೂ ಇವೆ. 2021ರ ಅಕ್ಟೋಬರಿನಲ್ಲಿ ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲೂಕಿನ ಗಡಿಕೇಶ್ವಾರ ಮತ್ತು ಸುತ್ತಲಿನ ಗ್ರಾಮಗಳಲ್ಲಿ ಸಣ್ಣ ಕಂಪನಗಳ ಸರಣಿ ಉಂಟಾಯಿತು. ದೊಡ್ಡವುಗಳ ಪ್ರಮಾಣ 4ರ ಆಸುಪಾಸಿನಲ್ಲಿತ್ತು. ಜನ ಮನೆ ಬಿಟ್ಟು ಬಯಲಿನಲ್ಲಿ ಮಲಗಿದರು, ಕೆಲವರು ಊರನ್ನೇ ತಾತ್ಕಾಲಿಕವಾಗಿ ತೊರೆದರು, ತಜ್ಞರು ಬಂದು ಕಂಪನಮಾಪಕ ಅಳವಡಿಸಿದರು. 1992ರ ಕಿಲ್ಲಾರಿಯ ಸರಣಿಗೆ ಇದು ಹೊರನೋಟಕ್ಕೆ ಹೋಲುತ್ತಿತ್ತು. ದೊಡ್ಡ ಕಂಪನ ಮಾತ್ರ ಬರಲಿಲ್ಲ.